ಡಾ. ಲೆಸ್ಲಿ ಕೋಲ್ಮನ್: ಮಂಡ್ಯದ ಸಕ್ಕರೆ ಕಾರ್ಖಾನೆ ಮತ್ತು ಬಾಯ್ಲರ್ ಕೊಳವೆಗಳ ಒಳತಪಾಸಣೆ

ಪೀಠಿಕೆ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಕಬ್ಬು ಬೆಳೆಗಾರರಿಗೆ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರ ಹೆಸರು ಅಪರಿಚಿತವಲ್ಲ. ಕೆನಡಾ ದೇಶದಿಂದ ಬಂದ ಈ ವಿಜ್ಞಾನಿಯು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಪ್ರಥಮ ನಿರ್ದೇಶಕರಾಗಿ ಸೇವೆ ಸಲ್ಲಿಸಿದವರು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪನೆಗೊಳ್ಳುವಲ್ಲಿ ಪ್ರಮುಖ ಪಾತ್ರ ವಹಿಸಿದವರು. ಸಕ್ಕರೆ ಕಾರ್ಖಾನೆಯ ಹೃದಯಭಾಗವೆಂದರೆ ಅದರ ಬಾಯ್ಲರ್ ಮನೆ. ಆದುದರಿಂದ ಬಾಯ್ಲರ್ ನೋಂದಣಿ, ತಪಾಸಣೆ ಹಾಗೂ ಪ್ರಮಾಣಪತ್ರಕ್ಕಾಗಿ ಅರ್ಜಿ ಸಲ್ಲಿಸುವ ನಾಗರಿಕರ ಅನುಕೂಲಕ್ಕಾಗಿ ಅವರ ಜೀವನ ಪರಿಚಯದೊಂದಿಗೆ, ಬಾಯ್ಲರ್ ಕೊಳವೆಗಳ ಒಳಭಾಗದಲ್ಲಿ ಉಂಟಾಗುವ ತುಕ್ಕಿನ ಹಾನಿಯನ್ನು ಪತ್ತೆ ಹಚ್ಚುವ ಕ್ರಮಗಳನ್ನೂ ಇಲ್ಲಿ ಸಂಗ್ರಹವಾಗಿ ನೀಡಲಾಗಿದೆ.

ಕೋಲ್ಮನ್ ಅವರು ಬಾಯ್ಲರ್ ತಂತ್ರಜ್ಞರಾಗಿರಲಿಲ್ಲ. ಅವರು ಸಸ್ಯರೋಗ ಹಾಗೂ ಕೀಟಗಳ ತಜ್ಞರು. ಆದರೆ ಹಾನಿಯು ಹೊರಗೆ ಕಾಣಿಸಿಕೊಳ್ಳುವ ಮೊದಲೇ ಅದರ ಮೂಲವನ್ನು ಒಳಗೆ ಹುಡುಕಬೇಕೆಂಬುದು ಅವರ ಕಾರ್ಯವಿಧಾನವಾಗಿತ್ತು. ಬಾಯ್ಲರ್ ತಪಾಸಣೆಯ ತತ್ತ್ವವೂ ಇದೇ ಆಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕೋಲ್ಮನ್ ಅವರು 1878ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಜನಿಸಿದರು. ಟೊರಾಂಟೋ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದ ನಂತರ ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿ, ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಸಾರಜನಕದ ಸಂಯುಕ್ತಗಳನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಕ್ರಿಯೆಯ ಬಗ್ಗೆ ಸಂಶೋಧನೆ ನಡೆಸಿದರು. ಕಣ್ಣಿಗೆ ಕಾಣದ ಜೀವಿಗಳು ಕಣ್ಣಿಗೆ ಕಾಣುವ ಬೆಳೆಯ ಮೇಲೆ ಬೀರುವ ಪರಿಣಾಮವನ್ನು ಅಳೆದು ತಿಳಿಯುವ ಅಭ್ಯಾಸ ಅವರಿಗೆ ಅಲ್ಲಿ ದೊರೆಯಿತು.

1908ರಲ್ಲಿ ಅವರು ಮೈಸೂರು ಸರ್ಕಾರದ ಸೇವೆಗೆ ಶಿಲೀಂಧ್ರ ಹಾಗೂ ಕೀಟ ತಜ್ಞರಾಗಿ ನೇಮಕಗೊಂಡರು. ಆಗ ಸಂಸ್ಥಾನವನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು.

ಮಲೆನಾಡಿನ ಕೊಳೆರೋಗ

ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲ ಬಂದೊಡನೆ ಕಾಯಿ ಕೊಳೆತು ಉದುರುವ ರೋಗವು ಬಹುಕಾಲದಿಂದ ಬೆಳೆಗಾರರನ್ನು ಕಾಡುತ್ತಿತ್ತು. ಜನರು ಇದನ್ನು ಕೊಳೆರೋಗವೆಂದು ಕರೆಯುತ್ತಿದ್ದರು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯ ನೀರು ತಾಗದಂತೆ ಕಾಪಾಡುವುದೊಂದೇ ಅವರಿಗೆ ತಿಳಿದಿದ್ದ ಉಪಾಯವಾಗಿತ್ತು. ಇದು ಬಹಳ ಶ್ರಮದ ಕೆಲಸ.

ಕೋಲ್ಮನ್ ಅವರು ತೋಟಗಳಿಗೆ ತೆರಳಿ ರೋಗಗ್ರಸ್ತ ಕಾಯಿಗಳನ್ನು ಪರೀಕ್ಷಿಸಿ, ರೋಗಕ್ಕೆ ಮಳೆಯೇ ಕಾರಣವಲ್ಲ, ತೇವದಲ್ಲಿ ಹರಡುವ ಫೈಟಾಪ್ತೊರ ಜಾತಿಯ ಶಿಲೀಂಧ್ರವು ಕಾರಣವೆಂದು ತೋರಿಸಿದರು. ಈ ಅಧ್ಯಯನವು 1910ರಲ್ಲಿ ಪ್ರಕಟವಾಯಿತು. ಪರಿಹಾರವಾಗಿ ಮೈಲುತುತ್ತ ಮತ್ತು ಸುಣ್ಣವನ್ನು ಬೆರೆಸಿ ತಯಾರಿಸುವ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಪದ್ಧತಿಯನ್ನು ಆಚರಣೆಗೆ ತಂದರು. ದ್ರಾವಣವು ರೋಗ ಬಂದ ಕಾಯಿಯನ್ನು ಗುಣಪಡಿಸುವುದಿಲ್ಲ. ರೋಗ ತಗಲದಂತೆ ಕಾಯುತ್ತದೆ. ಆದುದರಿಂದ ಮಳೆ ಹಿಡಿಯುವ ಮೊದಲೇ ಸಿಂಪಡಣೆ ಆಗಿರಬೇಕೆಂಬುದು ಈ ಕ್ರಮದ ಮುಖ್ಯ ಅಂಶ. ಇಂದಿಗೂ ಅಡಿಕೆ ಬೆಳೆಗಾರರು ಇದೇ ಕ್ರಮವನ್ನು ಅನುಸರಿಸುತ್ತಿದ್ದಾರೆ.

ಇದೇ ಅವಧಿಯಲ್ಲಿ ಜೋಳದ ಬೆಳೆಗೆ ಹಾನಿ ಮಾಡುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯ ಜೀವನಕ್ರಮವನ್ನೂ ಅವರು ಅಭ್ಯಾಸ ಮಾಡಿದರು. ಈ ಮಿಡತೆಗೆ ಪ್ರಾಣಿಶಾಸ್ತ್ರಜ್ಞರು ಕೋಲ್ಮೇನಿಯ ಎಂದು ಅವರ ಹೆಸರನ್ನೇ ಇಟ್ಟಿದ್ದಾರೆ. ಅನಂತರ ಗಂಧದ ಮರಗಳ ಸ್ಪೈಕ್ ರೋಗವನ್ನು ಕುರಿತು 1917ರಲ್ಲಿ ವರದಿ ಪ್ರಕಟಿಸಿ, ರೋಗಿ ಮರದಿಂದ ಆರೋಗ್ಯವಂತ ಮರಕ್ಕೆ ಕಸಿಯ ಮೂಲಕ ರೋಗವು ಹರಡುವುದನ್ನು ತೋರಿಸಿದರು. ಆ ಕಾಲದ ಸೂಕ್ಷ್ಮದರ್ಶಕದಲ್ಲಿ ರೋಗಕಾರಕವು ಕಾಣುತ್ತಿರಲಿಲ್ಲ. ಕಾಣದಿದ್ದರೂ ಅದು ಮರದ ಒಳಗಿದೆ ಎಂಬುದನ್ನು ಪ್ರಯೋಗದಿಂದ ಸಿದ್ಧಪಡಿಸಿದ್ದು ಮಹತ್ವದ ಸಂಗತಿ.

ಸಂಸ್ಥೆಗಳ ಸ್ಥಾಪನೆ

ಕೃಷಿ ಇಲಾಖೆಯ ನಿರ್ದೇಶಕರಾಗಿ ಕೋಲ್ಮನ್ ಅವರು ಹಲವು ಸಂಸ್ಥೆಗಳಿಗೆ ತಳಹದಿ ಹಾಕಿದರು. 1913ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಶಾಲೆಯು ಪ್ರಾರಂಭವಾಯಿತು. ಅದೇ ಹೆಬ್ಬಾಳದ ಆವರಣವು ಮುಂದೆ 1964ರಲ್ಲಿ ಸ್ಥಾಪನೆಗೊಂಡ ಕೃಷಿ ವಿಶ್ವವಿದ್ಯಾನಿಲಯದ ಭಾಗವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಾಯೋಗಿಕ ಕೇಂದ್ರವನ್ನು ತೆರೆಯಲಾಯಿತು. ಅದು ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದಿದೆ. ರಾಗಿ ಮತ್ತು ಕಬ್ಬಿನ ತಳಿಗಳ ಸುಧಾರಣೆಯ ಕಾರ್ಯವೂ ಹೆಬ್ಬಾಳದಲ್ಲಿ ನಡೆಯಿತು.

ನಾಲೆಯ ನೀರು ಮತ್ತು ಮಂಡ್ಯದ ಕಾರ್ಖಾನೆ

1911ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕಾರ್ಯವು 1930ರ ದಶಕದ ಪ್ರಾರಂಭದಲ್ಲಿ ಪೂರ್ಣಗೊಂಡಿತು. ಅದರಿಂದ ಹೊರಟ ಇರ್ವಿನ್ ನಾಲೆಯು ಹುಲಿಕೆರೆಯ ಸುರಂಗವನ್ನು ಹಾಯ್ದು ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ಭಾಗಗಳಿಗೆ ಕಾವೇರಿಯ ನೀರನ್ನು ತಂದಿತು. ಇದೇ ನಾಲೆಗೆ ಅನಂತರ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾಯಿತು. ಅದುವರೆಗೆ ಮಳೆಯನ್ನೇ ನಂಬಿ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು.

ನೀರು ಬಂದರೆ ಸಾಲದು, ನೀರಿನ ಬೆಳೆಗೆ ಖಚಿತವಾದ ಮಾರುಕಟ್ಟೆಯೂ ಬೇಕು. 1932ರಲ್ಲಿ ಭಾರತ ಸರ್ಕಾರವು ದೇಶೀಯ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆಯನ್ನು ಒದಗಿಸಿದ್ದರಿಂದ ದೇಶದಾದ್ಯಂತ ಹೊಸ ಕಾರ್ಖಾನೆಗಳಿಗೆ ಅವಕಾಶ ಉಂಟಾಯಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತಾವಧಿಯಲ್ಲಿ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ಸ್ಥಾಪನೆಗೊಂಡಿತು. ಸರ್ಕಾರದ ಜೊತೆಗೆ ರೈತರೂ ಷೇರುದಾರರಾದರು. ಕಬ್ಬಿನ ತಳಿ, ಬೇಸಾಯ ಕ್ರಮ ಮತ್ತು ಕಾರ್ಖಾನೆಯ ಅಗತ್ಯ ಇವುಗಳನ್ನು ಒಂದಕ್ಕೊಂದು ಹೊಂದಿಸುವ ಕಾರ್ಯದಲ್ಲಿ ಕೋಲ್ಮನ್ ಅವರ ಪಾತ್ರ ಹಿರಿದಾದುದು. ಮಂಡ್ಯ ಪಟ್ಟಣವು ಬೆಳೆದು 1939ರಲ್ಲಿ ಪ್ರತ್ಯೇಕ ಜಿಲ್ಲೆಯ ಕೇಂದ್ರವಾಗುವುದಕ್ಕೆ ನಾಲೆ ಮತ್ತು ಕಾರ್ಖಾನೆಗಳೆರಡೂ ಆಧಾರವಾದವು.

ಬಾಯ್ಲರ್ ಮನೆಯ ಮಹತ್ವ

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬನ್ನು ಅರೆದ ನಂತರ ಉಳಿಯುವ ಸಿಪ್ಪೆಯೇ ಬಾಯ್ಲರ್‌ಗೆ ಉರುವಲು. ಕಬ್ಬಿನ ತೂಕದ ಶೇಕಡ 30ರ ಆಸುಪಾಸು ಸಿಪ್ಪೆ ದೊರೆಯುತ್ತದೆ. ಅದರಲ್ಲಿ ಸುಮಾರು ಅರ್ಧ ಭಾಗ ನೀರಿನ ಅಂಶವಿರುತ್ತದೆ. ಅದನ್ನು ಉರಿಸಿ ಪಡೆದ ಹಬೆಯಿಂದ ಯಂತ್ರಗಳು ತಿರುಗುತ್ತವೆ, ವಿದ್ಯುತ್ ಉತ್ಪಾದನೆಯಾಗುತ್ತದೆ ಮತ್ತು ರಸವು ಕುದಿದು ಸಕ್ಕರೆಯಾಗುತ್ತದೆ. ಹಬೆ ನಿಂತರೆ ಕಾರ್ಖಾನೆ ನಿಲ್ಲುತ್ತದೆ.

ಕಟಾವಾದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ಅದರ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಹಂಗಾಮಿನ ಮಧ್ಯದಲ್ಲಿ ಒಂದು ಕೊಳವೆ ಒಡೆದರೂ ಬೆಂಕಿ ಆರಿಸಿ, ಬಾಯ್ಲರ್ ತಣಿಸಿ, ಕೊಳವೆ ಬದಲಿಸಿ, ಪುನಃ ಪರೀಕ್ಷೆಗೆ ಒಳಪಡಿಸಬೇಕಾಗುತ್ತದೆ. ಅಷ್ಟು ದಿನಗಳ ಕಾಲ ಗೇಟಿನ ಹೊರಗೆ ಲಾರಿ ಹಾಗೂ ಎತ್ತಿನ ಗಾಡಿಗಳ ಮೇಲಿನ ಕಬ್ಬು ಒಣಗುತ್ತದೆ. ಕಾರ್ಖಾನೆಯ ಲೆಕ್ಕಪತ್ರದಲ್ಲಿ ಅದು ದುರಸ್ತಿ ವೆಚ್ಚವಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ರೈತನ ನಷ್ಟವು ಆ ಲೆಕ್ಕದಲ್ಲಿ ಸೇರುವುದಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಒಡೆದ ಕೊಳವೆಯಿಂದ ಹೊರನುಗ್ಗುವ ಹಬೆಯ ಬಳಿ ಕೆಲಸ ಮಾಡುವ ಕಾರ್ಮಿಕನ ಪ್ರಾಣವೇ ಅಪಾಯಕ್ಕೆ ಸಿಲುಕುತ್ತದೆ.

ಈ ಅಪಾಯದಿಂದಲೇ ಬಾಯ್ಲರ್ ಕಾನೂನುಗಳು ಹುಟ್ಟಿದವು. 1863ರಲ್ಲಿ ಕಲ್ಕತ್ತದಲ್ಲಿ ಸಂಭವಿಸಿದ ಬಾಯ್ಲರ್ ಸ್ಫೋಟದಲ್ಲಿ ಹಲವರು ಮೃತರಾದ ಕಾರಣ ಮರುವರ್ಷವೇ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂದಿತು. 1905ರಲ್ಲಿ ಅಮೆರಿಕದ ಬ್ರಾಕ್ಟನ್ ನಗರದ ಪಾದರಕ್ಷೆ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು 58 ಜನರು ಮೃತರಾದರು. ತಗಡುಗಳ ಜೋಡಣೆಯ ಮರೆಯಲ್ಲಿ ಹೊರಗಿನಿಂದ ಕಾಣದಂತಿದ್ದ ಬಿರುಕು ಅದಕ್ಕೆ ಕಾರಣವಾಗಿತ್ತು. ಭಾರತದಲ್ಲಿ 1923ರ ಭಾರತೀಯ ಬಾಯ್ಲರ್ ಅಧಿನಿಯಮವು ದೀರ್ಘಕಾಲ ಜಾರಿಯಲ್ಲಿದ್ದು, ಅದರ ಸ್ಥಾನದಲ್ಲಿ 2025ರ ಬಾಯ್ಲರ್ ಅಧಿನಿಯಮವು ಬಂದಿದೆ.

ಕೊಳವೆಯ ಒಳಗೆ ನಡೆಯುವುದೇನು

ಸಕ್ಕರೆ ಕಾರ್ಖಾನೆಗಳ ದೊಡ್ಡ ಬಾಯ್ಲರ್‌ಗಳಲ್ಲಿ ನೀರು ಕೊಳವೆಗಳ ಒಳಗೆ ಹರಿಯುತ್ತದೆ. ಬೆಂಕಿ ಮತ್ತು ಬಿಸಿ ಗಾಳಿ ಹೊರಗಿರುತ್ತವೆ. ಆದುದರಿಂದ ಕುಲುಮೆಯೊಳಗೆ ನಿಂತು ನೋಡಿದವರಿಗೆ ಕೊಳವೆಯ ಹೊರಮೈ ಮಾತ್ರ ಕಾಣುತ್ತದೆ. ಹೊರಮೈ ನುಣುಪಾಗಿದ್ದರೂ ಒಳಗೆ ಕೊರೆತ ನಡೆದಿರಬಹುದು. ಇದರ ಮುಖ್ಯ ಕಾರಣಗಳು ಈ ಕೆಳಕಂಡಂತಿವೆ.

ಮೊದಲನೆಯದು, ನೀರಿನಲ್ಲಿ ಕರಗಿರುವ ಆಮ್ಲಜನಕ. ಇದು ಕೊಳವೆಯ ಒಳಮೈಯನ್ನು ಸಮನಾಗಿ ಸವೆಸದೆ, ಅಲ್ಲಲ್ಲಿ ಸಣ್ಣ ಗುಳಿಗಳನ್ನು ಕೊರೆಯುತ್ತದೆ. ಗುಳಿಯ ಬಾಯಿ ಕಿರಿದಾಗಿದ್ದರೂ ಆಳ ಹೆಚ್ಚಿರಬಹುದು.

ಎರಡನೆಯದು, ನೀರಿನೊಡನೆ ಸೇರುವ ಸಕ್ಕರೆ. ರಸವನ್ನು ಕುದಿಸುವಾಗ ದೊರೆಯುವ ಬಿಸಿ ನೀರನ್ನು ಬಾಯ್ಲರ್‌ಗೆ ಮರಳಿ ಬಳಸುವುದು ರೂಢಿ. ಪಾತ್ರೆಯ ಕೊಳವೆಗಳು ಸೋರಿದರೆ ರಸವು ಆ ನೀರಿಗೆ ಬೆರೆಯುತ್ತದೆ. ಬಾಯ್ಲರ್‌ನ ಉಷ್ಣತೆಯಲ್ಲಿ ಸಕ್ಕರೆಯು ಒಡೆದು ಆಮ್ಲಗಳಾಗಿ, ಕ್ಷಾರಗುಣದಲ್ಲಿರಬೇಕಾದ ನೀರನ್ನು ಆಮ್ಲಗುಣದತ್ತ ಒಯ್ಯುತ್ತದೆ. ಇದನ್ನು ಪತ್ತೆ ಹಚ್ಚಲು ಪ್ರಯೋಗಾಲಯದಲ್ಲಿ ಆಲ್ಫಾ ನ್ಯಾಫ್ಥಾಲ್ ಪರೀಕ್ಷೆಯನ್ನು ನಡೆಸುತ್ತಾರೆ. ಸಕ್ಕರೆ ಇದ್ದಲ್ಲಿ ನೇರಳೆ ಬಣ್ಣದ ಉಂಗುರವು ಕಾಣಿಸಿಕೊಳ್ಳುತ್ತದೆ.

ಮೂರನೆಯದು, ಒಳಮೈಗೆ ಅಂಟುವ ಗಸಿ. ಗಡಸು ನೀರನ್ನು ಸಂಸ್ಕರಿಸದೆ ಬಳಸಿದಲ್ಲಿ ಸುಣ್ಣದಂತಹ ಪದರವು ಕಟ್ಟಿಕೊಳ್ಳುತ್ತದೆ. ಪದರದ ಅಡಿಯಲ್ಲಿ ಕ್ಷಾರವು ಸಾಂದ್ರಗೊಂಡು ಲೋಹವನ್ನು ತಿನ್ನುತ್ತದೆ. ಶಾಖವು ನೀರಿಗೆ ದಾಟದೆ ಕೊಳವೆಯು ಅತಿಯಾಗಿ ಕಾದು ಉಬ್ಬುತ್ತದೆ.

ನಾಲ್ಕನೆಯದು, ಬಾಯ್ಲರ್ ಕೆಲಸ ಮಾಡದೆ ನಿಂತಿರುವ ಅವಧಿ. ಹಂಗಾಮು ಮುಗಿದ ನಂತರ ಕೊಳವೆಗಳಲ್ಲಿ ಅರ್ಧಂಬರ್ಧ ನೀರು ಉಳಿದರೆ, ನೀರು ಮತ್ತು ಗಾಳಿ ಸೇರುವ ಗಡಿಯಲ್ಲಿ ತುಕ್ಕು ವೇಗವಾಗಿ ಬೆಳೆಯುತ್ತದೆ. ಆದುದರಿಂದ ಬಾಯ್ಲರ್ ಅನ್ನು ಪೂರ್ಣವಾಗಿ ಒಣಗಿಸಿ ತೇವ ಹೀರುವ ವಸ್ತುವನ್ನಿಟ್ಟು ಮುಚ್ಚಬೇಕು, ಇಲ್ಲವೇ ಸಂಸ್ಕರಿಸಿದ ನೀರನ್ನು ಪೂರ್ಣವಾಗಿ ತುಂಬಿಡಬೇಕು. ಕಾರಣಾಂತರಗಳಿಂದ ಹಲವು ವರ್ಷ ನಿಂತಿದ್ದ ಬಾಯ್ಲರ್ ಅನ್ನು ಪುನರಾರಂಭಿಸುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

ಒಳಗಿನ ಹಾನಿಯನ್ನು ಪತ್ತೆ ಹಚ್ಚುವ ಕ್ರಮಗಳು

ಕಣ್ಣಿನ ಪರೀಕ್ಷೆ: ಬಾಯ್ಲರ್‌ನ ಮೇಲಿನ ಹಾಗೂ ಕೆಳಗಿನ ಡ್ರಮ್ಮುಗಳನ್ನು ತೆರೆದು, ಕೊಳವೆಗಳ ಬಾಯಿಯಿಂದ ದೀಪದ ಸಹಾಯದಿಂದ ನೋಡುವುದು ಮೂಲ ಕ್ರಮ. ಬೋರೋಸ್ಕೋಪ್ ಎಂಬ, ತುದಿಯಲ್ಲಿ ದೀಪ ಹಾಗೂ ಕ್ಯಾಮೆರಾ ಇರುವ ಬಳುಕುವ ಸಾಧನವನ್ನು ಇಳಿಸಿ ಬಾಗಿದ ಭಾಗಗಳನ್ನೂ ನೋಡಬಹುದು. ಇದರಿಂದ ಗುಳಿ ಇರುವುದು ತಿಳಿಯುತ್ತದೆ. ಎಷ್ಟು ಲೋಹ ಉಳಿದಿದೆ ಎಂಬುದು ತಿಳಿಯುವುದಿಲ್ಲ.

ಶಬ್ದಾತೀತ ತರಂಗದ ಅಳತೆ: ಅಲ್ಟ್ರಾಸಾನಿಕ್ ದಪ್ಪಮಾಪಕವನ್ನು ಕೊಳವೆಯ ಹೊರಮೈಗೆ ತಾಗಿಸಿದಾಗ ಶಬ್ದತರಂಗವು ಒಳಮೈಯವರೆಗೆ ಹೋಗಿ ಮರಳುತ್ತದೆ. ಉಕ್ಕಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 5,900 ಮೀಟರ್ ಚಲಿಸುವುದರಿಂದ, 4 ಮಿಲಿಮೀಟರ್ ದಪ್ಪದ ಗೋಡೆಯನ್ನು ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಈ ಕಾಲವನ್ನು ಅಳೆದು ಉಪಕರಣವು ದಪ್ಪವನ್ನು ತೋರಿಸುತ್ತದೆ. ಅಳೆಯುವ ಮೊದಲು ಹೊರಮೈಯ ಬೂದಿ ಮತ್ತು ತುಕ್ಕನ್ನು ಉಜ್ಜಿ ತೆಗೆಯಬೇಕು. ಈ ಅಳತೆಯು ತಾಗಿಸಿದ ಬಿಂದುವಿಗೆ ಮಾತ್ರ ಅನ್ವಯಿಸುತ್ತದೆ; ಎರಡು ಬಿಂದುಗಳ ನಡುವಿನ ಗುಳಿಯು ತಪ್ಪಿಹೋಗಬಹುದು.

ಕೊಳವೆಯ ಒಳಗಿನಿಂದ ಸುತ್ತು ಅಳತೆ: ನೀರು ತುಂಬಿದ ಕೊಳವೆಯೊಳಗೆ ತಿರುಗುವ ಕನ್ನಡಿಯುಳ್ಳ ಶಬ್ದಾತೀತ ಸಾಧನವನ್ನು ಎಳೆಯುತ್ತ ಹೋದರೆ ಗೋಡೆಯ ಸುತ್ತಲಿನ ದಪ್ಪವು ದಾಖಲಾಗುತ್ತದೆ. ಇದಕ್ಕೆ ಒಳಮೈಯನ್ನು ಚೆನ್ನಾಗಿ ಶುಚಿಗೊಳಿಸಿರಬೇಕು ಹಾಗೂ ಸಾಧನವು ಹಾಯಲು ಕೊಳವೆಯು ಸಾಕಷ್ಟು ನೇರವಾಗಿರಬೇಕು.

ವಿದ್ಯುತ್ಕಾಂತೀಯ ಪರೀಕ್ಷೆ: ಸಾಮಾನ್ಯ ಎಡ್ಡಿ ಕರೆಂಟ್ ಪರೀಕ್ಷೆಯು ತಾಮ್ರ, ಹಿತ್ತಾಳೆಯಂತಹ ಕೊಳವೆಗಳಿಗೆ ಸೂಕ್ತ. ಅಯಸ್ಕಾಂತಕ್ಕೆ ಅಂಟುವ ಬಾಯ್ಲರ್ ಉಕ್ಕಿನಲ್ಲಿ ಅದು ಆಳಕ್ಕೆ ಇಳಿಯುವುದಿಲ್ಲವಾದ ಕಾರಣ, ರಿಮೋಟ್ ಫೀಲ್ಡ್ ಎಂಬ ಬೇರೆ ವಿಧಾನವನ್ನು ಬಳಸುತ್ತಾರೆ.

ಮಾದರಿ ಕೊಳವೆ: ಸಂಶಯವಿದ್ದಲ್ಲಿ ಒಂದು ಕೊಳವೆಯ ತುಂಡನ್ನು ಕತ್ತರಿಸಿ, ಉದ್ದಕ್ಕೆ ಸೀಳಿ, ಗಸಿಯ ಪ್ರಮಾಣ ಹಾಗೂ ಗುಳಿಯ ಆಳವನ್ನು ನೇರವಾಗಿ ಅಳೆಯುವುದು ಅತ್ಯಂತ ವಿಶ್ವಾಸಾರ್ಹ ಕ್ರಮ.

ಜಲಒತ್ತಡ ಪರೀಕ್ಷೆ: ಬಾಯ್ಲರ್‌ನಲ್ಲಿ ನೀರು ತುಂಬಿ ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡಕ್ಕೆ ಒಳಪಡಿಸಿದಾಗ ಸೋರುವ ಕೊಳವೆಗಳು ತಿಳಿಯುತ್ತವೆ. ಆದರೆ ಇಂದು ಸೋರದೆ, ಎರಡು ತಿಂಗಳ ನಂತರ ಒಡೆಯಬಹುದಾದ ತೆಳುವಾದ ಕೊಳವೆಯನ್ನು ಈ ಪರೀಕ್ಷೆ ತೋರಿಸಲಾರದು. ಜಲಒತ್ತಡ ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂದು ದಪ್ಪದ ಅಳತೆಯನ್ನು ಕೈಬಿಡುವುದು ಸರಿಯಲ್ಲ.

ದಾಖಲೆಯ ಉಪಯೋಗ

ಒಂದು ವರ್ಷದ ಅಳತೆಯು ಇಂದಿನ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಹಲವು ವರ್ಷಗಳ ಅಳತೆಯು ಮುಂದಿನ ಸ್ಥಿತಿಯನ್ನು ಸೂಚಿಸುತ್ತದೆ. ಉದಾಹರಣೆಗೆ, 4.0 ಮಿಲಿಮೀಟರ್ ಇದ್ದ ಕೊಳವೆಯು ಎಂಟು ಹಂಗಾಮುಗಳ ನಂತರ 3.2 ಮಿಲಿಮೀಟರ್‌ಗೆ ಇಳಿದಿದ್ದರೆ, ಹಂಗಾಮಿಗೆ 0.1 ಮಿಲಿಮೀಟರ್ ಸವೆದಂತಾಯಿತು. ಆ ಕೊಳವೆಗೆ ನಿಯಮದಂತೆ ಬೇಕಾದ ಕನಿಷ್ಠ ದಪ್ಪ 2.8 ಮಿಲಿಮೀಟರ್ ಎಂದಾದರೆ, ಅದೇ ವೇಗದಲ್ಲಿ ಉಳಿದಿರುವುದು ನಾಲ್ಕು ಹಂಗಾಮು ಮಾತ್ರ. ಸವಕಳಿಯ ವೆಚ್ಚವನ್ನು ಲೆಕ್ಕಪತ್ರದಲ್ಲಿ ಪ್ರತಿವರ್ಷ ತೋರಿಸುವಂತೆಯೇ ಲೋಹದ ಸವಕಳಿಯನ್ನೂ ಪ್ರತಿವರ್ಷ ಬರೆದಿಡಬೇಕು. ಗುಳಿ ಬಿದ್ದ ಕೊಳವೆಗೆ ಈ ಸರಾಸರಿ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಅತಿ ಆಳವಾದ ಗುಳಿಯನ್ನೇ ಆಧಾರವಾಗಿ ತೆಗೆದುಕೊಳ್ಳಬೇಕು.

ಅಂತಿಮ ದಿನಗಳು ಮತ್ತು ಸ್ಮರಣೆ

ಕಾರ್ಖಾನೆಯು ಸ್ಥಾಪನೆಗೊಂಡ ಮರುವರ್ಷ, 1934ರಲ್ಲಿ, ಕೋಲ್ಮನ್ ಅವರು ಮೈಸೂರು ಸರ್ಕಾರದ ಸೇವೆಯಿಂದ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಅವರು 1954ರಲ್ಲಿ ನಿಧನರಾದರು. ಕಾಲು ಶತಮಾನದ ಅವರ ಸೇವೆಯ ಫಲವು ಮಲೆನಾಡಿನ ಅಡಿಕೆ ತೋಟದಲ್ಲಿ, ಬಾಳೆಹೊನ್ನೂರಿನ ಕಾಫಿ ಕೇಂದ್ರದಲ್ಲಿ, ಹೆಬ್ಬಾಳದ ಆವರಣದಲ್ಲಿ ಹಾಗೂ ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಉಳಿದಿದೆ. ಮಂಡ್ಯದ ಕಾರ್ಖಾನೆಯು ಏಳುಬೀಳುಗಳನ್ನು ಕಂಡು, ಕೆಲವು ವರ್ಷಗಳ ಕಾಲ ಸ್ಥಗಿತಗೊಂಡು, 2022ರಲ್ಲಿ ಕಬ್ಬು ನುರಿಸುವ ಕಾರ್ಯವನ್ನು ಪುನರಾರಂಭಿಸಿತು. ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿ ಮತ್ತು ಕೊಪ್ಪಗಳಲ್ಲಿಯೂ ಅನಂತರದ ಕಾಲದಲ್ಲಿ ಸಕ್ಕರೆ ಕಾರ್ಖಾನೆಗಳು ಸ್ಥಾಪನೆಗೊಂಡವು. ನಾಲೆಯ ನೀರಿನಲ್ಲಿ ಬೆಳೆದ ಕಬ್ಬು ಸಕ್ಕರೆಯಾಗುವುದು ಇಂದಿಗೂ ಈ ಕಾರ್ಖಾನೆಗಳ ಹಬೆಯ ಬಲದಿಂದಲೇ.

ಅರ್ಜಿದಾರರ ಗಮನಕ್ಕೆ

1. ಬಾಯ್ಲರ್ ಪ್ರಮಾಣಪತ್ರವು ಸಾಮಾನ್ಯವಾಗಿ ಹನ್ನೆರಡು ತಿಂಗಳು ಮೀರದ ಅವಧಿಗೆ ಇರುತ್ತದೆ. ಅಡಿಕೆಗೆ ಮಳೆಗಾಲದ ಮೊದಲೇ ಔಷಧಿ ಸಿಂಪಡಿಸುವಂತೆ, ನವೀಕರಣದ ಅರ್ಜಿಯನ್ನು ಹಂಗಾಮಿಗೆ ಸಾಕಷ್ಟು ಮೊದಲೇ ಸಲ್ಲಿಸುವುದು ಉತ್ತಮ. ಹಾಗಾದಲ್ಲಿ ದೋಷ ಕಂಡುಬಂದ ಕೊಳವೆಗಳನ್ನು ಬದಲಿಸಲು ಕಾಲಾವಕಾಶ ದೊರೆಯುತ್ತದೆ.

2. ತಪಾಸಣೆಯ ದಿನ ಬಾಯ್ಲರ್ ಅನ್ನು ತಣಿಸಿ, ನೀರು ಬಸಿದು, ಡ್ರಮ್ಮುಗಳ ಬಾಗಿಲು ತೆರೆದು, ಒಳಹೊರಗೆ ಶುಚಿಗೊಳಿಸಿ ಸಿದ್ಧವಾಗಿಡತಕ್ಕದ್ದು. ಶುಚಿಯಾಗದ ಕೊಳವೆಯ ತಪಾಸಣೆಯಿಂದ ಪ್ರಯೋಜನವಿಲ್ಲ.

3. ಹಿಂದಿನ ವರ್ಷಗಳ ದಪ್ಪದ ಅಳತೆ, ನೀರಿನ ಪರೀಕ್ಷೆ ಹಾಗೂ ಬದಲಿಸಿದ ಕೊಳವೆಗಳ ವಿವರಗಳನ್ನು ಒಂದೇ ವಹಿಯಲ್ಲಿ ಬರೆದಿಟ್ಟು ಬಾಯ್ಲರ್ ನಿರೀಕ್ಷಕರಿಗೆ ಹಾಜರುಪಡಿಸುವುದು.

4. ತಪಾಸಣೆಯಲ್ಲಿ ತೆಳುವಾಗಿರುವುದು ಕಂಡುಬಂದ ಕೊಳವೆಯನ್ನು ಮುಂದಿನ ವರ್ಷ ನೋಡಿಕೊಳ್ಳೋಣವೆಂದು ಬಿಡಬಾರದು. ರಚನೆಯ ದುರಸ್ತಿಯನ್ನು ಇಲಾಖೆಯ ಪೂರ್ವಾನುಮತಿ ಪಡೆದು, ಅರ್ಹ ವೆಲ್ಡರ್‌ಗಳಿಂದಲೇ ಮಾಡಿಸತಕ್ಕದ್ದು.

5. ಅಪಘಾತ ಸಂಭವಿಸಿದಲ್ಲಿ ವಿಳಂಬವಿಲ್ಲದೆ ಇಲಾಖೆಗೆ ವರದಿ ಸಲ್ಲಿಸುವುದು ಮಾಲೀಕರ ಕರ್ತವ್ಯ.

ತಪಾಸಣೆಯು ಪ್ರಮಾಣಪತ್ರ ಪಡೆಯುವುದಕ್ಕಾಗಿ ಮಾತ್ರ ನಡೆಯುವ ವಿಧಿಯಲ್ಲ. ಕೊಳವೆಯ ಒಳಗೆ ಉಳಿದಿರುವ ಲೋಹದ ದಪ್ಪದ ಮೇಲೆ ಬಾಯ್ಲರ್ ಮನೆಯ ಕಾರ್ಮಿಕರ ಪ್ರಾಣವೂ ಸುತ್ತಲಿನ ಗ್ರಾಮಗಳ ಒಂದು ವರ್ಷದ ದುಡಿಮೆಯೂ ಅವಲಂಬಿಸಿವೆ ಎಂಬುದನ್ನು ಮಾಲೀಕರು ಹಾಗೂ ನಿರ್ವಾಹಕರು ಸದಾ ನೆನಪಿನಲ್ಲಿಡುವುದು ಅವಶ್ಯಕ.